ಅಂಗಾತ, ಬೋರಲು, ಮಗ್ಗುಲು: ಪ್ರಜ್ಞೆ ತಪ್ಪಿದವರನ್ನು ಮಲಗಿಸುವ ಕ್ರಮದ ಚರಿತ್ರೆ

ಮುಂಬಯಿ-ಪುಣೆ ಹಾದಿಯಲ್ಲಿರುವ ತಳೇಗಾಂವ ದಾಭಾಡೆ, ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದಿಂದ ಹೆಸರು ಪಡೆದ ಊರು. ಇಲ್ಲಿಂದ ಹಳೆಯ ಹೆದ್ದಾರಿಯು ಪುಣೆ, ಸಾತಾರಾ, ಕೊಲ್ಹಾಪುರಗಳನ್ನು ಹಾಯ್ದು ನಿಪ್ಪಾಣಿಯ ಬಳಿ ಕನ್ನಡನಾಡನ್ನು ಹೊಗುತ್ತದೆ. ಸಮೀಪದ ಸುದುಂಬರೆಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೆಯ ದಳವಿದೆ. ಆದರೆ ರಸ್ತೆಯಲ್ಲಿ ಬಿದ್ದವನನ್ನು ಮೊದಲು ಮುಟ್ಟುವ ಕೈ ಸಾಮಾನ್ಯವಾಗಿ ತರಬೇತಿ ಪಡೆದವನದಲ್ಲ. ಕನ್ನಡವನ್ನೋ ಮರಾಠಿಯನ್ನೋ ಆಡುವ ದಾರಿಹೋಕನದು, ಲಾರಿ ಚಾಲಕನದು. ಆ ಕೈ ಬಿದ್ದವನನ್ನು ಹೇಗೆ ಮಲಗಿಸುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ರೂಢಿಯ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಅಂಗಾತ ಮಲಗಿಸಿ, ತಲೆಯಡಿಗೆ ಏನನ್ನಾದರೂ ಇಟ್ಟು, ಬಾಯಿಗೆ ನೀರು ಬಿಡುವುದು. ಮೂರ್ಛೆರೋಗವೆಂದು ತೋರಿದರೆ ಕೈಗೆ ಕಬ್ಬಿಣ ಕೊಡುವುದು. ಕರುಣೆಯಿಂದಲೇ ಮಾಡುವ ಈ ಉಪಚಾರ ಅಪಾಯಕರವಾದುದು. ಪ್ರಜ್ಞೆ ತಪ್ಪಿದಾಗ ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ನುಂಗುವ, ಕೆಮ್ಮುವ ಶಕ್ತಿಗಳು ಕುಂದಿರುವುದರಿಂದ ನೀರು, ರಕ್ತ, ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಪೆಟ್ಟಿನಿಂದ ಸಾಯದವನು ಅಂಗಾತ ಮಲಗಿದ್ದರಿಂದಲೇ ಸಾಯುವುದುಂಟು.

ಈ ತಿಳಿವು ಹೊಸದೇನಲ್ಲ. ನೀರಿನಲ್ಲಿ ಮುಳುಗಿದವನ ತಲೆಯನ್ನು ಕೆಳಗೆ ಮಾಡಿ ಹೊಟ್ಟೆಯನ್ನು ಒತ್ತಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಚಿಕಿತ್ಸೆಯಾಗಿ ಇಂದು ಅದನ್ನು ಒಪ್ಪಲಾಗದು. ಆದರೆ ಒಳಹೊಕ್ಕದ್ದು ತಾನಾಗಿ ಹೊರಬೀಳುವಂತೆ ದೇಹವನ್ನು ಇರಿಸಬೇಕೆಂಬ ಗ್ರಹಿಕೆ ಅದರಲ್ಲಿದೆ. ಆಧುನಿಕ ವೈದ್ಯದಲ್ಲಿ 1856ರಲ್ಲಿ ಮಾರ್ಷಲ್ ಹಾಲ್ ಎಂಬ ಆಂಗ್ಲ ವೈದ್ಯನು, ಅಂಗಾತ ಮಲಗಿದವನ ನಾಲಗೆ ಉಸಿರನ್ನು ತಡೆಯುವುದೆಂದು ವಾದಿಸಿ, ದೇಹವನ್ನು ಬೋರಲಿನಿಂದ ಮಗ್ಗುಲಿಗೆ ಮತ್ತೆ ಮತ್ತೆ ಹೊರಳಿಸುವ ಕೃತಕ ಉಸಿರಾಟದ ಪದ್ಧತಿಯನ್ನು ಸೂಚಿಸಿದನು. ಎರಡೇ ವರ್ಷಗಳಲ್ಲಿ ಸಿಲ್ವೆಸ್ಟರನ ಪದ್ಧತಿ ರೋಗಿಯನ್ನು ಮತ್ತೆ ಅಂಗಾತ ಮಾಡಿತು; ಅದರಲ್ಲಿ ನಾಲಗೆಯನ್ನು ಹೊರಗೆಳೆದು ಹಿಡಿಯಬೇಕಾಗಿತ್ತು. ಮಗ್ಗುಲಿಗೆ ಹೊರಳಿಸುವುದೇ ಮೇಲೆಂದು 1891ರಲ್ಲಿ ಬೌಲ್ಸ್ ಎಂಬ ವೈದ್ಯನು ಪ್ರತಿಪಾದಿಸಿದನು. ಶೇಫರ್ (1903), ಹೋಲ್ಗರ್ ನೀಲ್ಸನ್ (1932) ಇವರ ಪದ್ಧತಿಗಳು ಬೋರಲು ಭಂಗಿಯವು. 1950ರ ದಶಕದ ಕೊನೆಯಲ್ಲಿ ಬಾಯಿಂದ ಬಾಯಿಗೆ ಉಸಿರು ಕೊಡುವ ಕ್ರಮವೂ, 1960ರಲ್ಲಿ ಎದೆಯೊತ್ತುವ ಕ್ರಮವೂ ಬಂದಾಗ ರೋಗಿ ಮತ್ತೊಮ್ಮೆ ಅಂಗಾತನಾದನು. ಉಸಿರು ನಿಂತವನಿಗೆ ಇದೇ ಸರಿ. ಆದರೆ ಉಸಿರಾಡುತ್ತಿದ್ದು ಎಚ್ಚರವಿಲ್ಲದವನಿಗೆ ಬೇರೊಂದು ಭಂಗಿಯನ್ನು ಬಿಡಿಯಾಗಿ ಕಲಿಸಬೇಕಾದ ಅಗತ್ಯ ಹೆಚ್ಚಿದ್ದು ಇದರಿಂದಲೇ ಎಂದು ಈ ಲೇಖಕನ ಊಹೆ.

ಆ ಭಂಗಿಯ ವಿವರದಲ್ಲೂ ಜಗಳವಿತ್ತು. 1992ರಲ್ಲಿ ಯೂರೋಪಿನ ಪುನಶ್ಚೇತನ ಮಂಡಳಿಯು ಕೆಳಗಿನ ತೋಳನ್ನು ಮುಂದಕ್ಕೆ ಲಂಬವಾಗಿ ಚಾಚುವ ರೀತಿಯನ್ನು ಸೂಚಿಸಿದಾಗ, ಆ ತೋಳಿನ ರಕ್ತಸಂಚಾರಕ್ಕೆ ಅಡ್ಡಿಯಾಗುವುದೆಂಬ ಆಕ್ಷೇಪ ಬಂದಿತು. 1997ರ ಅಂತರರಾಷ್ಟ್ರೀಯ ಹೇಳಿಕೆಯು ಒಂದೇ ಭಂಗಿಯನ್ನು ವಿಧಿಸದೆ ತತ್ತ್ವಗಳನ್ನಷ್ಟೇ ಮುಂದಿಟ್ಟಿತು: ದೇಹ ಮಗ್ಗುಲಾಗಿರಲಿ, ಅಲುಗದಿರಲಿ, ಬಾಯಿಯಿಂದ ದ್ರವ ಹರಿದುಹೋಗಲಿ, ಎದೆಯ ಮೇಲೆ ಒತ್ತಡ ಬೀಳದಿರಲಿ, ಉಸಿರಾಟ ಕಾಣುತ್ತಿರಲಿ. ಬೆನ್ನುಹುರಿಗೆ ಪೆಟ್ಟಾದ ಶಂಕೆಯಿದ್ದರೆ ಸುಮ್ಮನೆ ಅಲುಗಿಸಬಾರದು. ಹೊರಳಿಸಲೇಬೇಕಾದರೆ ತಲೆ, ಕತ್ತು, ಮುಂಡಗಳನ್ನು ಒಟ್ಟಿಗೆ ಹೊರಳಿಸಬೇಕು.

ಕಾನೂನಿನ ಮಾತು ಚಿಕ್ಕದು. ನೆರವಿಗೆ ಬಂದವರ ರಕ್ಷಣೆಗಾಗಿ ಕರ್ನಾಟಕವು ರೂಪಿಸಿದ 2016ರ ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಯಲ್ಲೂ ಅಂಥ ರಕ್ಷಣೆ ಸೇರಿತು. ಮುಟ್ಟಲು ಅಂಜುವವನ ಅಂಜಿಕೆಗೆ ಇದು ಉತ್ತರ. ಮುಟ್ಟಿದ ಮೇಲೆ ಮಾಡಬೇಕಾದುದೇನೆಂಬುದು ಭಾಷೆಯ ಮೂಲಕವೇ ತಲುಪಬೇಕು.

ಇಂಗ್ಲಿಷಿನ ಹೆಸರನ್ನು ಅನುಸರಿಸಿ ‘ಚೇತರಿಕೆಯ ಭಂಗಿ’ ಎಂದರೆ ಅದು ಫಲವನ್ನು ಹೇಳುತ್ತದೆ, ಕ್ರಿಯೆಯನ್ನಲ್ಲ. ಕೇಳಿದವನಿಗೆ ಏನು ಮಾಡಬೇಕೆಂದು ತಿಳಿಯದು. ಮರಾಠಿಯಲ್ಲಿ ಉತಾಣಾ, ಪಾಲಥಾ, ಕುಶೀವರ ಎಂಬ ಮೂರು ಮಾತುಗಳಿರುವಂತೆ ಕನ್ನಡದಲ್ಲಿ ಅಂಗಾತ, ಬೋರಲು, ಮಗ್ಗುಲು ಇವೆ. ಮರಾಠಿಯ ಮಾತುಗಳಲ್ಲಿ ಮೊದಲನೆಯದು ಸಂಸ್ಕೃತದ ‘ಉತ್ತಾನ’ದಿಂದ, ಕೊನೆಯದು ‘ಕುಕ್ಷಿ’ಯಿಂದ ಬಂದವು. ಮಗುವನ್ನು ಮಲಗಿಸುವಾಗ ತಾಯಂದಿರು ನಿತ್ಯ ಬಳಸುವ ಮಾತುಗಳಿವು. ‘ಉಸಿರಿದೆಯೇ ನೋಡು, ಇದ್ದರೆ ಮಗ್ಗುಲಿಗೆ ಹೊರಳಿಸು, ಬಾಯಿಗೆ ನೀರು ಬಿಡಬೇಡ’ ಎಂಬುದನ್ನು ತಳೇಗಾಂವದ ರಸ್ತೆಬದಿಯಲ್ಲಿ ಹುಬ್ಬಳ್ಳಿಯ ಚಾಲಕನಿಗೆ ಮತ್ತೆ ವಿವರಿಸಬೇಕಾಗಿಲ್ಲ.