ಐರ್ಲೆಂಡಿನ ಆಲೂಗೆಡ್ಡೆ ರೊಟ್ಟಿ: ಒಂದು ಐತಿಹಾಸಿಕ ವಿವೇಚನೆ

ಶಾಸನಗಳಲ್ಲಿಯೂ ಸರ್ಕಾರದ ಕಡತಗಳಲ್ಲಿಯೂ ಚರಿತ್ರೆಯನ್ನು ಅರಸುವ ನಾವು ಬಡವರ ಒಲೆಯ ಕಡೆಗೆ ದೃಷ್ಟಿ ಹಾಯಿಸುವುದು ವಿರಳ. ಆದರೆ ಒಂದು ಜನತೆಯ ಭೂಮಿ, ಗೇಣಿ, ಕ್ಷಾಮ ಇವುಗಳ ವೃತ್ತಾಂತವು ಆ ಜನರ ನಿತ್ಯದ ಆಹಾರದಲ್ಲಿಯೂ ಅಚ್ಚೊತ್ತಿರುತ್ತದೆ. ಇಂಗ್ಲಿಷಿನಲ್ಲಿ ‘ಪೊಟೇಟೊ ಕೇಕ್’ ಎಂದು ಕರೆಯುವ ಐರ್ಲೆಂಡಿನ ತಿನಿಸನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೆಸರಿನಲ್ಲಿ ‘ಕೇಕ್’ ಎಂದಿದ್ದರೂ ಇದು ಸಿಹಿ ಭಕ್ಷ್ಯವಲ್ಲ. ಹೆಂಚಿನ ಮೇಲೆ ಬೇಯಿಸುವ ಚಪ್ಪಟೆಯಾದ ರೊಟ್ಟಿ. ಇದರಲ್ಲಿ ಎರಡು ಬಗೆಗಳುಂಟು.

ಮೊದಲನೆಯದು ಬೇಯಿಸಿದ ಗೆಡ್ಡೆಯ ರೊಟ್ಟಿ. ಹಿಟ್ಟುಹಿಟ್ಟಾಗಿ ಬೇಯುವ ಜಾತಿಯ ಗೆಡ್ಡೆಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಾಗಿರುವಾಗಲೇ ಗಂಟಿಲ್ಲದಂತೆ ಹಿಸುಕುತ್ತಾರೆ. ಅದಕ್ಕೆ ಉಪ್ಪು, ಸ್ವಲ್ಪ ಬೆಣ್ಣೆ, ನಾಲ್ಕು ಪಾಲು ಗೆಡ್ಡೆಗೆ ಸುಮಾರು ಒಂದು ಪಾಲಿನಷ್ಟು ಗೋಧಿಯ ಹಿಟ್ಟು ಬೆರೆಸಿ ಹಗುರವಾಗಿ ನಾದುತ್ತಾರೆ. ಹೆಚ್ಚು ನಾದಿದರೆ ಮುದ್ದೆಯು ಅಂಟಂಟಾಗುವುದು. ಅರ್ಧ ಅಂಗುಲಕ್ಕಿಂತ ತೆಳುವಾಗಿ ದುಂಡಗೆ ಲಟ್ಟಿಸಿ, ನಾಲ್ಕು ತುಂಡುಗಳಾಗಿ ಕತ್ತರಿಸಿ, ಹಿಟ್ಟು ಉದುರಿಸಿದ ಹೆಂಚಿನ ಮೇಲೆ ಎರಡೂ ಮಗ್ಗುಲು ಕಂದುಬಣ್ಣ ಬರುವವರೆಗೆ ಸುಡುತ್ತಾರೆ. ಈ ತುಂಡಿಗೆ ಅಲ್ಸ್ಟರ್ ಪ್ರಾಂತದಲ್ಲಿ ‘ಫಾರ್ಲ್’ ಎಂದು ಹೆಸರು. ನಾಲ್ಕನೆಯ ಪಾಲು ಎಂಬರ್ಥದ ಹಳೆಯ ಸ್ಕಾಟ್ಸ್ ಶಬ್ದದಿಂದ ಇದು ಬಂದಿದೆ. ಆಲೂಗೆಡ್ಡೆಯಲ್ಲಿ ಪಿಷ್ಟವು ಹೇರಳವಾಗಿದ್ದರೂ ಗೋಧಿಯಲ್ಲಿರುವ ಜಿಗುಟಿನ ಅಂಶವಿಲ್ಲ. ಆದುದರಿಂದ ರೊಟ್ಟಿಯು ಒಡೆಯದೆ ಹೆಂಚಿನ ಮೇಲೆ ನಿಲ್ಲಬೇಕಾದರೆ ಒಂದಿಷ್ಟು ಧಾನ್ಯದ ಹಿಟ್ಟಿನ ಆಸರೆ ಬೇಕು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡನೆಯದು ‘ಬಾಕ್ಸ್ಟಿ’. ಲೀಟ್ರಿಮ್, ಕ್ಯಾವನ್, ಫರ್ಮಾನಾ ಮೊದಲಾದ ಪ್ರದೇಶಗಳಲ್ಲಿ ಇದು ಪ್ರಸಿದ್ಧ. ಇದಕ್ಕೆ ಹಸಿಯ ಗೆಡ್ಡೆಯನ್ನು ತುರಿಯಬೇಕು. ತಗಡಿಗೆ ಮೊಳೆಯಿಂದ ತೂತುಗಳನ್ನು ಹೊಡೆದು ಮನೆಯಲ್ಲಿಯೇ ತುರಿಯುವ ಮಣೆಯನ್ನು ಮಾಡಿಕೊಳ್ಳುತ್ತಿದ್ದರು. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ರಸವನ್ನು ಪಾತ್ರೆಯಲ್ಲಿ ನಿಲ್ಲಿಸಿದರೆ ತಳದಲ್ಲಿ ಬಿಳಿಯ ಪಿಷ್ಟವು ಇಳಿಯುತ್ತದೆ. ಮೇಲಿನ ನೀರನ್ನು ಬಸಿದು, ಆ ಪಿಷ್ಟ, ಹಿಂಡಿದ ತುರಿ, ಬೇಯಿಸಿ ಹಿಸುಕಿದ ಗೆಡ್ಡೆ, ಹಿಟ್ಟು ಮತ್ತು ಉಪ್ಪು ಇವನ್ನು ಕಲಸಿ ಹೆಂಚಿನ ಮೇಲೆ ಬೇಯಿಸುತ್ತಾರೆ. ಮಜ್ಜಿಗೆ, ಅಡಿಗೆಯ ಸೋಡಾ ಸೇರಿಸಿ ದೋಸೆಯಂತೆ ಹೊಯ್ಯುವುದೂ ಉಂಟು. ಬಾಕ್ಸ್ಟಿ ಎಂಬ ಶಬ್ದಕ್ಕೆ ‘ಬಡಮನೆಯ ರೊಟ್ಟಿ’ ಎಂಬ ಅರ್ಥದ ಐರಿಷ್ ಪದಗುಚ್ಛವೇ ಮೂಲವೆಂದು ಕೆಲವರೂ, ರೊಟ್ಟಿ ಸುಡುವ ಮನೆ ಎಂಬರ್ಥದ ‘ಬಾಕೂಸ್’ ಎಂಬುದು ಮೂಲವೆಂದು ಕೆಲವರೂ ಹೇಳುತ್ತಾರೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಈ ಗೆಡ್ಡೆ ರೊಟ್ಟಿಯ ಸ್ಥಾನವನ್ನು ಐರ್ಲೆಂಡಿನಲ್ಲಿ ಆಕ್ರಮಿಸಿದುದು ಹೇಗೆ? ಹದಿನಾರನೆಯ ಶತಮಾನದ ಕೊನೆಗೋ ಮುಂದಿನ ಶತಮಾನದ ಆದಿಗೋ ಅದು ಆ ದ್ವೀಪವನ್ನು ಮುಟ್ಟಿತು. ೧೭೭೬ರಿಂದ ಅಲ್ಲಿ ಸಂಚರಿಸಿದ ಆರ್ಥರ್ ಯಂಗನು ಆಲೂಗೆಡ್ಡೆ ಮತ್ತು ಹಾಲು ಬಡವರ ಮುಖ್ಯಾಹಾರವಾಗಿದ್ದುದನ್ನು ದಾಖಲಿಸಿದನು. ಒಕ್ಕಲುಗಳು ಬೆಳೆದ ಓಟ್ಸ್ ಮತ್ತು ಗೋಧಿ ಗೇಣಿಗಾಗಿ ಮಾರುಕಟ್ಟೆಗೆ ಹೋಗುತ್ತಿದ್ದವು. ತುಂಡು ನೆಲದಲ್ಲಿ ಅಧಿಕ ಫಲ ಕೊಡುವ ಗೆಡ್ಡೆ ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ದುಡಿಯುವ ಗಂಡಸು ದಿನಕ್ಕೆ ೧೦ರಿಂದ ೧೪ ಪೌಂಡುಗಳಷ್ಟು ಗೆಡ್ಡೆ ತಿನ್ನುತ್ತಿದ್ದನು. ೧೮೪೧ರ ಜನಗಣತಿಯಂತೆ ಐರ್ಲೆಂಡಿನ ಜನಸಂಖ್ಯೆ ಸುಮಾರು ೮೨ ಲಕ್ಷ. ಅವರಲ್ಲಿ ೩೦ ಲಕ್ಷದಷ್ಟು ಜನರಿಗೆ ಇದೇ ಜೀವಾಧಾರವಾಗಿತ್ತೆಂದು ಅಂದಾಜು.

೧೮೪೫ರ ಶರತ್ಕಾಲದಲ್ಲಿ ಅಂಗಮಾರಿ ರೋಗವು ಬೆಳೆಯನ್ನು ಹೊಕ್ಕಿತು. ಪ್ರಧಾನಿ ರಾಬರ್ಟ್ ಪೀಲನು ಲಿಂಡ್ಲಿ, ಪ್ಲೇಫೇರ್, ಕೇನ್ ಎಂಬ ಮೂವರು ವಿಜ್ಞಾನಿಗಳ ಮಂಡಲಿಯನ್ನು ನೇಮಿಸಿದನು. ಕೊಳೆತ ಗೆಡ್ಡೆಯನ್ನು ತುರಿದು, ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸೋಸಿ, ಚರಟವನ್ನು ಹೆಂಚಿನ ಮೇಲೆ ಒಣಗಿಸಿ, ತಳಕ್ಕಿಳಿದ ಪಿಷ್ಟದೊಡನೆ ಓಟ್ಸ್ ಅಥವಾ ಬಟಾಣಿಯ ಹಿಟ್ಟನ್ನು ಬೆರೆಸಿ ರೊಟ್ಟಿ ಮಾಡಬಹುದೆಂದು ಮಂಡಲಿಯು ಸಲಹೆಯಿತ್ತಿತು. ತುರಿಯುವ ಮಣೆ, ಬಟ್ಟೆ, ಪಾತ್ರೆ, ಹೆಂಚು ಇವೇ ಇದರ ಉಪಕರಣಗಳು. ಬಾಕ್ಸ್ಟಿಯ ಕ್ರಮಕ್ಕೂ ಇದಕ್ಕೂ ಇರುವ ಸಾಮ್ಯವು ಸ್ಪಷ್ಟ. ಆದರೆ ರೋಗವು ಬಲಿತ ಗೆಡ್ಡೆಯು ದುರ್ನಾತದ ಕೆಸರಾಗಿ ಪರಿಣಮಿಸುತ್ತಿತ್ತು. ಬೆರೆಸಬೇಕೆಂದು ಹೇಳಿದ ಹಿಟ್ಟಾದರೋ ಬಡವನ ಮನೆಯಲ್ಲಿ ಇರಲಿಲ್ಲ. ೧೮೪೬ರಲ್ಲಿ ಬೆಳೆಯ ಬಹುಭಾಗ ನಾಶವಾದಾಗಲೂ ಐರ್ಲೆಂಡಿನ ಓಟ್ಸ್ ಹಡಗುಗಳಲ್ಲಿ ಇಂಗ್ಲೆಂಡಿಗೆ ಸಾಗುತ್ತಿತ್ತು. ೧೮೪೭ರಲ್ಲಿ ಧಾನ್ಯದ ಆಮದು ರಫ್ತನ್ನು ಮೀರಿತೆಂಬುದು ನಿಜ. ಆ ವೇಳೆಗೆ ಕೊಳ್ಳುವ ಶಕ್ತಿ ಜನರಲ್ಲಿ ಉಳಿದಿರಲಿಲ್ಲ. ಸುಮಾರು ೧೦ ಲಕ್ಷ ಜನ ಸತ್ತರು. ೧೦ ಲಕ್ಷಕ್ಕೂ ಮಿಕ್ಕು ಜನ ದೇಶ ಬಿಟ್ಟರು. ೧೮೫೧ರ ಗಣತಿಯಲ್ಲಿ ಜನಸಂಖ್ಯೆ ಸುಮಾರು ೬೬ ಲಕ್ಷಕ್ಕೆ ಇಳಿದಿತ್ತು.

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದೆಂದು ನಾವು ಭಾವಿಸುತ್ತೇವೆ. ಐರಿಷ್ ಗೃಹಿಣಿಯರಿಗೆ ಪಾಕಜ್ಞಾನದ ಕೊರತೆಯಿರಲಿಲ್ಲ. ವಿಜ್ಞಾನಿಗಳು ಬೋಧಿಸಿದ ವಿಧಾನದಲ್ಲಿಯೂ ತರ್ಕದೋಷವಿರಲಿಲ್ಲ. ಕೊರತೆಯಿದ್ದುದು ನಾಲ್ಕು ಪಾಲು ಗೆಡ್ಡೆಗೆ ಒಂದು ಪಾಲಾದ ಹಿಟ್ಟಿನದು. ಆ ಒಂದು ಪಾಲು ಯಾರ ಕೈಯಲ್ಲಿತ್ತು, ಯಾವ ಕರಾರಿನಿಂದ ಅಲ್ಲಿಗೆ ಹೋಯಿತು ಎಂಬುದು ಭೂಹಿಡುವಳಿಯ ಪ್ರಶ್ನೆ. ಇಂದು ಈ ರೊಟ್ಟಿಯು ಅಲ್ಸ್ಟರಿನ ಬೆಳಗಿನ ಊಟದಲ್ಲಿ ಮೊಟ್ಟೆ, ಹಂದಿಮಾಂಸಗಳೊಡನೆ ಸಮೃದ್ಧಿಯ ತಿನಿಸಾಗಿದೆ. ಕ್ಷಾಮದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಬೆಳೆ ಏಕೆ ಕೆಟ್ಟಿತೆಂಬುದರೊಡನೆ, ಕೆಡದೆ ಉಳಿದ ಬೆಳೆ ಎಲ್ಲಿಗೆ ಹೋಯಿತೆಂಬುದನ್ನೂ ಕೇಳಬೇಕು.