ಹಳೆಯ ಹರಿಗೋಲಿಗೆ ಹೊಸ ತೊಗಲು

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಹಾಯಿಯ ಮಾತು ಸಲ್ಲದು. ಹಾಯಿಗೆ ಬೇಕಾದುದು ತೆರೆದ ನೀರು, ನಂಬಬಹುದಾದ ಗಾಳಿ. ಇಲ್ಲಿಯ ಕಾವೇರಿ ಶಿವನಸಮುದ್ರದಲ್ಲಿ ಎರಡು ಕವಲಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮ್ಮಿಕ್ಕಿ, ಅಲ್ಲಿಂದ ಹೊಗೇನಕಲ್ಲಿನವರೆಗೆ ಬಂಡೆಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಅಡಿಗಟ್ಟುಳ್ಳ ಮರದ ದೋಣಿಯನ್ನು ಇಂತಹ ನೀರಿಗೆ ಬಿಟ್ಟರೆ ಮೊದಲ ಬಂಡೆಯೇ ಅದರ ಕೊನೆಯ ಬಂದರಾದೀತು. ಪಡುವಣ ದೇಶಗಳ ಹವ್ಯಾಸಿಗಳು ಅಜ್ಜನ ಕಾಲದ ಹಾಯಿದೋಣಿಯನ್ನು ಮನೆಯ ಹಿತ್ತಿಲಿಗೆ ತಂದು, ಕೊಳೆತ ಹಲಗೆಯನ್ನು ಕಿತ್ತು ಹೊಸದನ್ನು ಕೂರಿಸಿ ವರ್ಷಗಟ್ಟಲೆ ದುಡಿಯುತ್ತಾರೆಂದು ಓದುತ್ತೇವೆ. ನಮ್ಮ ನದಿಯ ಮಗ್ಗುಲಿನವರಿಗೆ ಅದು ಹವ್ಯಾಸವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಅವರ ಅಂಗಳದಲ್ಲಿ ಕವುಚಿ ಬಿದ್ದಿರುತ್ತಿದ್ದುದು ಹರಿಗೋಲು.

ಈ ಹೆಸರಿನ ಹಳೆಯ ರೂಪ ಪರಿಗೋಲು. ಹಳಗನ್ನಡದ ಪಕಾರ ಹಕಾರವಾದ ದಾರಿಯಲ್ಲೇ ಇದೂ ನಡೆದು ಬಂದಿದೆ. ಹೊಗೇನಕಲ್ಲಿನ ಆಚೆಯ ದಡದ ತಮಿಳರು ಇದೇ ವಸ್ತುವನ್ನು ಪರಿಸಲ್ ಎನ್ನುತ್ತಾರೆ. ದಡ ಎರಡು, ನುಡಿ ಎರಡು. ಬುಟ್ಟಿ ಮಾತ್ರ ಒಂದೇ.

ಬುಟ್ಟಿಯೆಂದು ಸುಮ್ಮನೆ ಹೇಳಲಿಲ್ಲ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆಯ ದೋಣಿಗಳನ್ನು ಬಣ್ಣಿಸುವಾಗ ಬುಟ್ಟಿಯ ಹೋಲಿಕೆಯನ್ನೇ ತಂದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಕುಳಿತುಕೊಳ್ಳಬಹುದು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಹುಟ್ಟು ಹಾಕಿದಂತೆಲ್ಲ ಅದು ಗಿರ್ರನೆ ಸುತ್ತುತ್ತಲೇ ಸಾಗುತ್ತದೆ ಎಂಬ ವಿವರಗಳೂ ಅವನಲ್ಲಿವೆ. ಅವನಿಗಿಂತ ಎರಡು ಸಾವಿರ ವರ್ಷ ಹಿಂದಿನವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಬ್ಯಾಬಿಲೋನಿಗೆ ಸರಕು ತರುತ್ತಿದ್ದ, ಗುರಾಣಿಯಂತೆ ದುಂಡಾದ ತೊಗಲಿನ ದೋಣಿಗಳನ್ನು ಕುರಿತು ಅವನು ಬೆರಗಿನಿಂದ ಬರೆದಿದ್ದಾನೆ. ಹೊಳೆಯ ಸೆಳೆತಕ್ಕೆ ಎದುರಾಗಿ ಮರಳಲಾಗದೆ ಅಲ್ಲಿಯ ನಾವಿಕರು ಪೇಟೆಯಲ್ಲೇ ದೋಣಿಯ ಚೌಕಟ್ಟನ್ನು ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಹೊರಡುತ್ತಿದ್ದರಂತೆ. ನಮ್ಮ ಅಂಬಿಗನಿಗೆ ಕತ್ತೆಯೂ ಬೇಡ. ಹರಿಗೋಲನ್ನೇ ತಲೆಯ ಮೇಲೆ ಕವುಚಿಕೊಂಡು ದಡದ ಗುಂಟ ಮೇಲಕ್ಕೆ ನಡೆದುಬಿಡುತ್ತಾನೆ. ದೂರದಿಂದ ನೋಡಿದವರಿಗೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ಹೊರಟಂತೆ ತೋರೀತು.

ದಂಡಯಾತ್ರೆಯ ಚರಿತ್ರೆಯಲ್ಲಿಯೂ ಈ ಬುಟ್ಟಿಗೆ ಸ್ಥಾನವುಂಟು. 1803ರಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಲೆಸ್ಲಿ ಇಂತಹ ಬುಟ್ಟಿದೋಣಿಗಳನ್ನು ಕಟ್ಟಿಸಿದ. ತುಂಬಿದ ಹೊಳೆಗಳು ಶತ್ರುವಿನ ಕುದುರೆಪಡೆಗೆ ಅಡ್ಡಿಯಾಗಲಿ, ತನ್ನ ದಂಡಿಗೆ ಮಾತ್ರ ಆಗದಿರಲಿ ಎಂಬುದು ಅವನ ಲೆಕ್ಕ. ಮರುವರ್ಷವೇ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ವೆಲ್ಲೆಸ್ಲಿ ಮನೆತನದ ಹೆಸರನ್ನಿಟ್ಟರು. ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದುದು ಸುವರ್ಣಾವತಿಯ ದಡದ ಯಳಂದೂರು. ಮುಂದೆ ಅದೇ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಶಿವನಸಮುದ್ರದ ಕವಲುಗಳಿಗೂ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದರು. ಅಂಬಿಗನ ಕಸುಬಿಗೆ ಮೊದಲ ಪೆಟ್ಟು ಬಿದ್ದುದು ಯಂತ್ರದಿಂದಲ್ಲ, ಈ ಕಲ್ಲುಕಂಬಗಳಿಂದ. ಆದರೆ ಹೊಳೆ ಸೋಲೊಪ್ಪಲಿಲ್ಲ. 2018ರ ಆಗಸ್ಟಿನ ಮಹಾಪೂರದಲ್ಲಿ ಶಿವನಸಮುದ್ರದ ಹಳೆಯ ಸೇತುವೆಯ ಒಂದು ಭಾಗ ಕುಸಿಯಿತು.

ಇನ್ನು ದುರಸ್ತಿಯ ಮಾತು. ಹರಿಗೋಲಿನಲ್ಲಿ ಮೂರು ಕಸುಬುಗಳು ಕೂಡಿವೆ. ಬಿದಿರನ್ನು ಸೀಳಿ, ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡಲಾಗಿ ಹಾಸಿ, ನಡುವಿನಿಂದ ಹೆಣೆಯುತ್ತ ಬಂದು, ಅಂಚನ್ನು ಬಾಗಿಸಿ ಮೇಲೆತ್ತಿ, ಸುತ್ತಲೂ ದಪ್ಪನಾದ ಬಿದಿರಿನ ಕಟ್ಟು ಕಟ್ಟುವುದು ಮೇದಾರನ ವಿದ್ಯೆ. ತೊಗಲನ್ನು ಹದಮಾಡಿ ಹೊಲಿದು ಬಿಗಿಯುವುದು ಚರ್ಮಕಾರನದು. ನಡೆಸುವುದು ಅಂಬಿಗನದು. ಹನ್ನೆರಡನೆಯ ಶತಮಾನದ ಶರಣರ ಗುಂಪಿನಲ್ಲಿ ಮೇದರ ಕೇತಯ್ಯನಿದ್ದಾನೆ, ಹರಳಯ್ಯನಿದ್ದಾನೆ, ಅಂಬಿಗರ ಚೌಡಯ್ಯನೂ ಇದ್ದಾನೆ. ಮೂವರೂ ಸೇರಿದ್ದರೆ ಅನುಭವ ಮಂಟಪದಲ್ಲೇ ಒಂದು ಹರಿಗೋಲು ಸಿದ್ಧವಾಗುತ್ತಿತ್ತು!

ಹಳತಾದ ಹರಿಗೋಲನ್ನು ಕವುಚಿ ಹಾಕಿ, ಹಿಂದಿನ ಲೇಪವನ್ನು ಕೆರೆದು, ಎಲ್ಲಿ ಸೀಳು ಮುರಿದಿದೆ, ಎಲ್ಲಿ ಹುಳು ಹಿಡಿದಿದೆ ಎಂದು ಬೆರಳಿನಿಂದ ತಡವಿ ನೋಡಬೇಕು. ಮುರಿದುದರ ಪಕ್ಕದಲ್ಲಿ ಹೊಸ ಸೀಳನ್ನು ಹೆಣಿಗೆಯೊಳಕ್ಕೆ ತೂರಿಸಬೇಕು. ಆಮೇಲೆ ಹೊದಿಕೆ. ತೊಗಲಿನ ಜಾಗಕ್ಕೆ ಕಳೆದ ಶತಮಾನದಲ್ಲಿ ಪ್ಲಾಸ್ಟಿಕ್ ಹಾಳೆ, ಹೊಲಿದ ಗೊಬ್ಬರದ ಚೀಲಗಳು ಬಂದವು. ಅದರ ಮೇಲೆ ಕಾಯಿಸಿದ ಡಾಂಬರು ಬಳಿದು ಒಣಗಿಸಿದರೆ ನೀರಿಗೆ ಸಿದ್ಧ. ಇದನ್ನು ಕಂಡು ಕೆಲವರು ಪರಂಪರೆ ಕೆಟ್ಟಿತೆಂದು ಮರುಗುತ್ತಾರೆ. ಮರುಗಬೇಕಾದುದಿಲ್ಲ. ಇರಾಕಿನ ನದಿಗಳಲ್ಲಿ ಓಡಾಡುತ್ತಿದ್ದ ಕುಫ್ಫಾ ಎಂಬ ದುಂಡುದೋಣಿಗಳಿಗೆ ಹೊರಮೈಗೆ ಬಳಿಯುತ್ತಿದ್ದುದು ನೆಲದಿಂದ ಒಸರುವ ಡಾಂಬರನ್ನೇ. ಮದರಾಸಿನ ಮೀನುಗಾರಿಕೆಯ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳನ್ನು ಕುರಿತು 1933ರಲ್ಲಿ ಲೇಖನ ಬರೆದರು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು; ಅದು ಮೈಸೂರಿಗೆ ಬಂದುದು 1956ರ ನವೆಂಬರಿನಲ್ಲಿ.

ಅಥೆನ್ಸಿನವರು ವೀರ ಥೀಸಿಯಸ್ಸನ ಹಡಗನ್ನು ಕಾಪಾಡಲು ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆಂದೂ, ಕೊನೆಗೆ ಉಳಿದುದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞಾನಿಗಳು ವಾದಿಸಿದರೆಂದೂ ಪ್ಲುಟಾರ್ಕ್ ಹೇಳುತ್ತಾನೆ. ಹರಿಗೋಲಿನ ಮಟ್ಟಿಗೆ ಈ ಜಿಜ್ಞಾಸೆಗೆ ಎಡೆಯೇ ಇಲ್ಲವೆಂದು ನನ್ನ ಎಣಿಕೆ. ಸೀಳು ಬದಲಾದೀತು, ಹೊದಿಕೆ ಬದಲಾದೀತು. ಬದಲಾಯಿಸುವ ಕೈ ಇರುವವರೆಗೆ ಅದು ಅದೇ ಹರಿಗೋಲು. ಒಣಗಿದ ತೊಗಲಿನೊಡನೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬರಿಯ ಬುಟ್ಟಿ. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕೂಗಿದ ಕೀರ್ತನೆಯಲ್ಲಿ ದೇಹವೇ ಹರಿಗೋಲು, ಅದಕ್ಕೆ ಒಂಬತ್ತು ತೂತು. ತೂತಿಲ್ಲದ ಹರಿಗೋಲನ್ನು ದಾಸರೂ ಕಲ್ಪಿಸಿಕೊಳ್ಳಲಿಲ್ಲ.

ಕಳವಳವಿರುವುದು ಆ ಕೈಯ ವಿಷಯದಲ್ಲಿ, ಕೈಗೆ ಎಟುಕುವ ಬಿದಿರಿನ ವಿಷಯದಲ್ಲಿ. ಬಿದಿರಿನ ಮೆಳೆಗಳಿದ್ದ ಕಾಡುಗಳು ಒಂದೊಂದಾಗಿ ರಕ್ಷಿತ ತಾಣಗಳಾದವು: 1987ರಲ್ಲಿ ಕಾವೇರಿ ವನ್ಯಧಾಮ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ. ಆನೆಗೂ ಹುಲಿಗೂ ಅದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಾನೂನು ಮರವೆಂದು ಎಣಿಸುವುದನ್ನು 2017ರಲ್ಲಿ ಕೈಬಿಟ್ಟಿತು. ಹೊಲದ ಬದುವಿನಲ್ಲಿ ನಾಲ್ಕು ಮೆಳೆ ಬೆಳೆಸಿಕೊಂಡವನಿಗೆ ಅಷ್ಟರಮಟ್ಟಿಗೆ ದಾರಿ ತೆರೆದಂತಾಯಿತು. ಹೊಲವಿಲ್ಲದ ಮೇದಾರನಿಗೆ ತೆರೆದಂತಾಗಲಿಲ್ಲ.

ದಾಟುವ ಅಗತ್ಯ ಕುಗ್ಗಿದ ಮೇಲೆ ಹರಿಗೋಲಿಗೆ ಅನ್ನ ಕೊಡುತ್ತಿರುವವರು ಹೊಗೇನಕಲ್ಲಿಗೆ ಬರುವ ಪ್ರವಾಸಿಗರು ಮತ್ತು ಮೀನು. ಮೇಲಿನ ಅಣೆಕಟ್ಟುಗಳು ತುಂಬಿ ನೀರು ಬಿಟ್ಟಾಗ ಅಲ್ಲಿ ಹರಿಗೋಲು ಇಳಿಸುವುದನ್ನು ಅಧಿಕಾರಿಗಳು ತಡೆಯುತ್ತಾರೆ. ಆಗ ಅವು ದಡದ ಬಂಡೆಗಳ ಮೇಲೆ ಸಾಲಾಗಿ ಕವುಚಿ ಬಿದ್ದಿರುತ್ತವೆ, ಡಾಂಬರಿನ ಬೆನ್ನನ್ನು ಮಳೆಗೊಡ್ಡಿಕೊಂಡು.