ಡಿಕಾಯ್: ಹಕ್ಕಿಯನ್ನು ಕರೆಯುವ ಮರದ ಹಕ್ಕಿ

ಏನಿದು?

ನೀರುಹಕ್ಕಿಗಳನ್ನು ಬೇಟೆಗಾರನ ಸಮೀಪಕ್ಕೆ ಸೆಳೆಯಲು ನೀರಿನಲ್ಲಿ ತೇಲಿಬಿಡುವ ಕೃತಕ ಹಕ್ಕಿಯೇ ಡಿಕಾಯ್. ಬಾತುಗಳು ತಮ್ಮವರ ಗುಂಪು ನೆಮ್ಮದಿಯಿಂದಿರುವ ಕಡೆ ಇಳಿಯುತ್ತವೆ. ಈ ಸ್ವಭಾವವೇ ಇದರ ಆಧಾರ. ಅಮೆರಿಕದ ಮೂಲನಿವಾಸಿಗಳಿಗೆ ಇದು ಬಹುಹಿಂದೆಯೇ ತಿಳಿದಿತ್ತು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ದೊರೆತ ಜೊಂಡಿನ ಬಾತುಗಳು ಸುಮಾರು 2000 ವರ್ಷ ಹಳೆಯವು. ಯುರೋಪಿನಿಂದ ಬಂದು ನೆಲೆಸಿದವರು ಜೊಂಡಿನ ಬದಲು ಮರವನ್ನು ಬಳಸಿದರು.

ರಚನೆ

ದೇಹಕ್ಕೆ ಹಗುರವಾದ ಸೀಡರ್, ತಲೆಗೆ ಸಾಮಾನ್ಯವಾಗಿ ಪೈನ್. ಅಲೆಗೆ ಮಗುಚದಂತೆ ಅಡಿಯಲ್ಲಿ ಸೀಸದ ತುಂಡು, ತೇಲಿಹೋಗದಂತೆ ಹಗ್ಗ ಮತ್ತು ಲಂಗರು. ಕತ್ತೆತ್ತಿ ನಿಂತ ಹಕ್ಕಿ ಅಪಾಯದ ಸೂಚನೆಯಾದ್ದರಿಂದ, ಗುಂಪಿನ ಬಹುಪಾಲನ್ನು ಕತ್ತು ತಗ್ಗಿಸಿದ ಭಂಗಿಯಲ್ಲಿಯೇ ಕೆತ್ತುತ್ತಾರೆ.

ಬಣ್ಣದ ಕೆಲಸ

ಕುಶಲತೆಯ ನಿಜವಾದ ಪರೀಕ್ಷೆ ಇಲ್ಲಿದೆ. ಹೊಳೆಯುವ ಬಣ್ಣ ಬಿಸಿಲಿಗೆ ಮಿಂಚಿ ಹಕ್ಕಿಗಳನ್ನು ಬೆದರಿಸುತ್ತದೆ. ಆದ್ದರಿಂದ ಮಂಕಾಗಿ ಒಣಗುವ ತೈಲವರ್ಣವೇ ಬೇಕು. ಮೇಲಿನಿಂದ, ದೂರದಿಂದ, ಮೋಡ ಕವಿದ ಬೆಳಕಿನಲ್ಲಿ ಹಕ್ಕಿ ಹೇಗೆ ಕಂಡೀತು ಎಂಬುದನ್ನು ಕಲಾವಿದ ಊಹಿಸಬೇಕು. ಒಂದೊಂದು ಗರಿಯನ್ನೂ ಬಿಡಿಸುವುದಕ್ಕಿಂತ ನೀರು, ಆಕಾಶ, ದಡದ ಹುಲ್ಲುಗಳ ನಡುವೆ ಅದು ಹೊಂದಿಕೊಳ್ಳುವುದು ಮುಖ್ಯ. ಭೂದೃಶ್ಯ ಚಿತ್ರಕಾರನಿಗೆ ಇದು ನಿತ್ಯದ ಅಭ್ಯಾಸ. ಕೆತ್ತನೆಗಾರ ಕುಂಚವನ್ನೂ ಬಲ್ಲವನಾದರೆ ಅರ್ಧ ಗೆದ್ದಂತೆಯೇ.

ಎಲ್ಮರ್ ಕ್ರೋವೆಲ್

ಮ್ಯಾಸಚೂಸೆಟ್ಸ್‌ನ ಈಸ್ಟ್ ಹಾರ್ವಿಚ್‌ನ ಆ್ಯಂಟನಿ ಎಲ್ಮರ್ ಕ್ರೋವೆಲ್ (1862–1952) ಇದಕ್ಕೆ ಉತ್ತಮ ನಿದರ್ಶನ. ಅವರು ಎಳೆಯ ವಯಸ್ಸಿನಲ್ಲಿ ಚಿತ್ರಕಲೆ ಕಲಿತವರು, ಬೇಟೆಯ ಶಿಬಿರಗಳಲ್ಲಿ ದುಡಿದು ಜೀವಂತ ಹಕ್ಕಿಗಳನ್ನು ಹತ್ತಿರದಿಂದ ಕಂಡವರು. ಎದೆ ಮತ್ತು ತಲೆಯ ಹಿಂಭಾಗವನ್ನು ಅರದಿಂದ ಉಜ್ಜಿ, ಆ ಒರಟಿನ ಮೇಲೆ ಬಣ್ಣ ಹಚ್ಚಿ ಗರಿಯ ಮೃದುತ್ವವನ್ನು ತೋರಿಸಿದ್ದು ಅವರ ವೈಶಿಷ್ಟ್ಯ. ಒರಟಿನಿಂದ ಮೃದುತ್ವ ಹುಟ್ಟಿಸುವುದು ಸುಲಭದ ಮಾತಲ್ಲ.

ಬಳಕೆ, ಅಂದು ಮತ್ತು ಇಂದು

ನಗರಗಳ ಹೋಟೆಲುಗಳಿಗೆ ಮಾಂಸ ಒದಗಿಸುವ ವ್ಯಾಪಾರಿ ಬೇಟೆಯಲ್ಲಿ ಡಿಕಾಯ್‌ಗಳಿಗೆ ಅಪಾರ ಬೇಡಿಕೆಯಿತ್ತು. ವಲಸೆ ಹಕ್ಕಿಗಳ ರಕ್ಷಣೆಗಾಗಿ 1918ರಲ್ಲಿ ಬಂದ ಕಾನೂನು ಆ ವ್ಯಾಪಾರಕ್ಕೆ ತಡೆಯೊಡ್ಡಿತು. ಕ್ರೋವೆಲ್ ಅಲಂಕಾರದ ಪುಟ್ಟ ಹಕ್ಕಿಗಳನ್ನೂ ಕೆತ್ತಿ ಮಾರಿದರು. ಈಗಿನ ಬೇಟೆಗಾರರು ಬಹುತೇಕ ಪ್ಲಾಸ್ಟಿಕ್ ಬಾತುಗಳನ್ನೇ ಬಳಸುತ್ತಾರೆ. ಹಳೆಯ ಮರದವು ವಸ್ತುಸಂಗ್ರಹಾಲಯಗಳನ್ನೂ ಹರಾಜುಕಟ್ಟೆಯನ್ನೂ ಸೇರಿವೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುವ ಸೂಜಿಬಾಲದ ಬಾತು ಗರಿ ತೀಡಿಕೊಳ್ಳುತ್ತಿರುವಂತೆ ಕ್ರೋವೆಲ್ ಕೆತ್ತಿದ ಒಂದು ಡಿಕಾಯ್ 2007ರಲ್ಲಿ 10 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು.